ಸದ್ದಿಲ್ಲದ ಗಾಡಿ

ಅವನು ಬಂದದ್ದು ನನಗೆ ಕೇಳಿಸಲಿಲ್ಲ.

ಮಲವಗೊಪ್ಪದಲ್ಲಿ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದೊಡ್ಡ ರಸ್ತೆಯ ಪಕ್ಕ, ತಗಡಿನ ಛಾವಣಿಯ ಒಂದು ಗೂಡು ನನ್ನದು. ಮೇಲೆ ‘ಎಮಿಷನ್ ಟೆಸ್ಟ್’ ಎಂದು ಹಸಿರು ಬೋರ್ಡು. ಗಾಡಿಗಳ ಸೈಲೆನ್ಸರಿಗೆ ಕೊಳವೆ ತೂರಿಸಿ, ಹೊಗೆಯಲ್ಲಿ ಏನು ಎಷ್ಟಿದೆ ಎಂದು ಯಂತ್ರ ಹೇಳಿದ್ದನ್ನು ನೋಡಿ ಸರ್ಟಿಫಿಕೇಟ್ ಕೊಡುವುದು ಕೆಲಸ. ಇದನ್ನು ಶುರು ಮಾಡಿದವನು ದುಶ್ಯಂತ್, ನನ್ನ ಗಂಡ. ಪರಿಸರ ವಿಜ್ಞಾನ ಓದಿದ ಹೆಂಡತಿಗೆ ಹೊಗೆಯ ಅಂಗಡಿ ಇಟ್ಟುಕೊಟ್ಟಿದ್ದೀನಿ ಎಂದು ಸ್ನೇಹಿತರ ಮುಂದೆ ನಗುತ್ತಿದ್ದ. ಒಂದು ವರ್ಷ ಊರಲ್ಲಿ ಹಬ್ಬಿದ ಜ್ವರ ಅವನನ್ನು ಕರೆದುಕೊಂಡು ಹೋಯಿತು. ಅಂಗಡಿ ಉಳಿಯಿತು.

ಅವತ್ತು ತಲೆ ಬಗ್ಗಿಸಿ ಯಂತ್ರದ ಫಿಲ್ಟರ್ ಒರೆಸುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಒಂದು ಆಟೋ. ಅದಕ್ಕೆ ಒರಗಿ ಒಬ್ಬ ಕೈಕಟ್ಟಿ ನಿಂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಬೆರಳುಗಳಲ್ಲಿ ಮೆಕ್ಯಾನಿಕ್‌ಗಳ ಕಪ್ಪು. ಮುಖದಲ್ಲಿ ಮಾತ್ರ ಸಿನಿಮಾ ನೋಡುತ್ತಾ ಕೂತವನ ನೆಮ್ಮದಿ.

“ಎಷ್ಟೊತ್ತಾಯ್ತು ಬಂದು?” ಎಂದೆ.

“ನೀವು ಆ ಬಟ್ಟೆ ನಾಲ್ಕು ಮಡಿಕೆ ಮಾಡಿದ್ರಲ್ಲ, ಆವಾಗಿಂದ.”

“ಕರೀಬಾರ್ದಿತ್ತಾ?”

“ಅಷ್ಟು ಚೆನ್ನಾಗಿ ಒರೆಸ್ತಾ ಇದ್ರಿ. ಯಾಕೆ ಕೆಡಿಸ್ಬೇಕು ಅಂತ ಸುಮ್ನಿದ್ದೆ.”

ಕೊಳವೆ ಹಿಡಿದು ಆಟೋದ ಹಿಂದೆ ಹೋದೆ. ಬಗ್ಗಿ ನೋಡಿದೆ. ಇನ್ನೊಂದು ಕಡೆಯಿಂದ ಬಗ್ಗಿ ನೋಡಿದೆ.

“ಸೈಲೆನ್ಸರ್ ಎಲ್ರೀ?”

“ಇಲ್ಲ ಮೇಡಂ.”

“ಇಲ್ಲ ಅಂದ್ರೆ? ಬಿಚ್ಚಿಟ್ಟು ಬಂದಿದ್ದೀರಾ?”

“ಎಂಜಿನ್ನೇ ಬಿಚ್ಚಿಟ್ಟು ಬಂದಿದ್ದೀನಿ.”

ಸಿಟ್ಟು ಬಂತು. ಅವನು ನಿಧಾನವಾಗಿ ಸೀಟು ಎತ್ತಿ ತೋರಿಸಿದ. ಎಂಜಿನ್ ಇರಬೇಕಾದಲ್ಲಿ ಒಂದು ಮೋಟರು, ಬ್ಯಾಟರಿಯ ಪೆಟ್ಟಿಗೆ, ಒಪ್ಪವಾಗಿ ಕಟ್ಟಿದ ವೈರುಗಳು. ಹೆಸರು ವೀರೇಂದ್ರ ಎಂದ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಅವನ ವರ್ಕ್‌ಶಾಪು. ಗುಜರಿಗೆ ಹೋಗಬೇಕಾದ ಪೆಟ್ರೋಲ್ ಗಾಡಿಗಳನ್ನು ಎಲೆಕ್ಟ್ರಿಕ್ ಮಾಡುತ್ತಾನೆ. ಈ ಆಟೋ ಸಂಜಯ್ ಎಂಬ ಹುಡುಗನದು. ದಾಖಲೆಯಲ್ಲಿ ಇನ್ನೂ ಪೆಟ್ರೋಲ್ ಎಂದೇ ಇದೆ, ಬದಲಾಯಿಸಲು ಕೊಟ್ಟಾಗಿದೆ, ಅಲ್ಲಿವರೆಗೆ ಹೊಗೆ ಸರ್ಟಿಫಿಕೇಟ್ ಎಲ್ಲಿ ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ.

“ಈ ಯಂತ್ರಕ್ಕೆ ಹೊಗೆ ಬೇಕು. ಹೊಗೆ ಇಲ್ದೆ ಸರ್ಟಿಫಿಕೇಟ್ ಬರಲ್ಲ” ಎಂದೆ.

“ಅಂದ್ರೆ ಹೊಗೆ ಬಿಡೋರಿಗೆ ಸರ್ಟಿಫಿಕೇಟು, ಬಿಡದೇ ಇರೋರಿಗೆ ದಂಡ. ಚೆನ್ನಾಗಿದೆ ಮಾರಾಯ್ರೆ.”

ನಾನು ನಕ್ಕೆ. ನಕ್ಕದ್ದು ನನಗೆ ಆಮೇಲೆ ಗೊತ್ತಾಯಿತು.

ಅವನಿಗೆ ಅದು ಮೊದಲೇ ಗೊತ್ತಾಗಿತ್ತು. ಆಟೋ ಹತ್ತುವಾಗ ತಿರುಗಿ ನೋಡಿದ. ಹೋದದ್ದೂ ಕೇಳಿಸಲಿಲ್ಲ.

*

ಆಮೇಲೆ ಅವನಿಗೆ ಭದ್ರಾವತಿಯಲ್ಲಿ ಕೆಲಸಗಳು ಹೆಚ್ಚಾದವು. ಪ್ರತಿ ಸಲ ಮಲವಗೊಪ್ಪದಲ್ಲೇ ಅವನಿಗೆ ಟೀ ಬೇಕಾಗುತ್ತಿತ್ತು. ನನ್ನ ಗೂಡಿನ ಪಕ್ಕದ ಟೀ ಅಂಗಡಿಯ ಟೀ ಅಷ್ಟೇನೂ ಚೆನ್ನಾಗಿಲ್ಲ.

“ನಿಮ್ಮಂಥೋರು ಹೆಚ್ಚಾದ್ರೆ ನನ್ನ ಅಂಗಡಿ ಮುಚ್ಚತ್ತೆ” ಎಂದೆ ಒಂದು ದಿನ.

“ಮುಚ್ಚಲಿ ಬಿಡಿ. ನಮ್ಮ ವರ್ಕ್‌ಶಾಪಿಗೆ ಬನ್ನಿ. ಬ್ಯಾಟರಿ ಟೆಸ್ಟ್ ಮಾಡೋದು ಕಲಿಸ್ತೀನಿ. ಕೂತ್ಕೊಂಡು ಮಾಡೋ ಕೆಲಸ. ಬಗ್ಗಬೇಕಾಗಿಲ್ಲ.”

“ಕರೆಂಟ್ ಎಲ್ಲಿಂದ ಬರತ್ತೆ ಅಂತ ಯೋಚಿಸಿದ್ದೀರಾ? ಹೊಗೆ ಇಲ್ಲಿ ಬಿಡಲ್ಲ, ರಾಯಚೂರಲ್ಲಿ ಕಲ್ಲಿದ್ದಲು ಸುಟ್ಟು ಬಿಡ್ತೀರಿ. ಅಷ್ಟೇ.”

“ಸ್ವಲ್ಪ ರಾಯಚೂರು, ಸ್ವಲ್ಪ ಶರಾವತಿ. ವರ್ಕ್‌ಶಾಪಿನ ಮೇಲೆ ಸೋಲಾರ್ ಪ್ಲೇಟ್ ಹಾಕ್ಸಿದ್ದೀನಿ, ಅದು ಸ್ವಲ್ಪ.” ಟೀ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದ. “ಎಲ್ಲಾ ಒಂದೇ ಸಲ ಸರಿ ಹೋಗಲ್ಲ ಮೇಡಂ. ಈ ರೋಡಲ್ಲಿ ಓಡೋ ಹಳೇ ಆಟೋಗಳು ಮೊದಲು ಸರಿ ಹೋಗ್ಲಿ. ಇಡೀ ದಿನ ಅದರ ಹಿಂದೆ ಕೂತು ಕೆಮ್ಮೋರು ನೀವು.”

ನಾನು ಕೆಮ್ಮುವುದನ್ನು ಯಾರಾದರೂ ಗಮನಿಸಿದ್ದಾರೆ ಎಂದು ನನಗೆ ತಿಳಿದಿರಲಿಲ್ಲ.

ಇನ್ನೊಂದು ದಿನ ಪಂದ್ಯ ಕಟ್ಟಿದ. ರಸ್ತೆಗೆ ಬೆನ್ನು ಹಾಕಿ ಕೂತು, ಹೋಗುವ ಗಾಡಿ ಯಾವುದು ಎಂದು ನಾನು ಹೇಳಬೇಕು. ಹೇಳಿದೆ. ಬಸ್ಸು. ಖಾಲಿ ಟ್ರ್ಯಾಕ್ಟರು. ಡೀಸೆಲ್ ಕಾರು, ಇಂಜೆಕ್ಟರ್ ಹೋಗಿದೆ. ಸ್ಕೂಟರು, ಇಬ್ಬರು ಕೂತಿದ್ದಾರೆ.

“ಇಬ್ರು ಅಂತ ಹೆಂಗೆ ಗೊತ್ತಾಗತ್ತೆ?”

“ಎಂಜಿನ್ ಏದುಸಿರು ಬಿಡತ್ತೆ.”

“ನಿಮ್ದು ಕಿವಿಯಲ್ಲ ಮಾರಾಯ್ರೆ, ಚೆಕ್‌ಪೋಸ್ಟು.”

ನಾನು ಭದ್ರಾವತಿಯ ನ್ಯೂ ಟೌನಿಗೆ ಸೊಸೆಯಾಗಿ ಬಂದವಳು. ಕಾರ್ಖಾನೆಯ ಕ್ವಾರ್ಟರ್ಸುಗಳ ಊರು ಅದು. ಸೈರನ್ ಕೂಗಿದರೆ ಅನ್ನಕ್ಕೆ ಇಡುವುದು, ಮತ್ತೊಮ್ಮೆ ಕೂಗಿದರೆ ತಟ್ಟೆ ಹಾಕುವುದು. ಅಲ್ಲಿ ಹೆಂಗಸರು ಬಾಗಿಲಿಗೆ ಬಂದು ದಾರಿ ಕಾಯುವುದಿಲ್ಲ. ಮೊದಲು ಸದ್ದು ಬರಬೇಕು. ಆಮೇಲೆ ಏಳುವುದು. ನಮ್ಮ ಅತ್ತೆ ಸಾವಿತ್ರಮ್ಮ ಮೂವತ್ತು ವರ್ಷ ಹಾಗೆ ಬದುಕಿದವರು. ಮಾವನ ಕಾಲಕ್ಕೆ ಸೈರನ್ನು, ಮಗನ ಕಾಲಕ್ಕೆ ಅವನ ಬೈಕು. ದುಶ್ಯಂತನ ಹಳೆಯ ಟು-ಸ್ಟ್ರೋಕ್ ಬೈಕು ನೀರಿನ ಟ್ಯಾಂಕಿನ ತಿರುವಿನಲ್ಲಿ ಪಟಪಟ ಎಂದ ಕೂಡಲೇ ಅತ್ತೆ ತವ ಇಡುತ್ತಿದ್ದರು. ಗೇಟಿಗೆ ಬಂದು ಅವನು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ನಾನು ಹೋಗಿ ಗೇಟು ತೆಗೆಯುತ್ತಿದ್ದೆ. ಅವನು ಒಳಗೆ ಬರುವ ಹೊತ್ತಿಗೆ ಮೊದಲ ದೋಸೆ ತಟ್ಟೆಯಲ್ಲಿರುತ್ತಿತ್ತು.

ಇದನ್ನೆಲ್ಲ ವೀರೇಂದ್ರನಿಗೆ ಹೇಳಲಿಲ್ಲ. “ಅಭ್ಯಾಸ” ಎಂದೆ.

*

ಬೈಕು ಇನ್ನೂ ಮನೆಯ ಮುಂದೆಯೇ ಇತ್ತು, ಕವರು ಹೊದ್ದುಕೊಂಡು. ಭಾನುವಾರ ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡುತ್ತಿದ್ದೆ. ನಿಲ್ಲಿಸಿಟ್ಟರೆ ಹಾಳಾಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಸದ್ದು ಕೇಳಿ ಅತ್ತೆ ಹೊರಗೆ ಬರುತ್ತಿದ್ದರು. ಇಬ್ಬರೂ ಆ ನೀಲಿ ಹೊಗೆಯಲ್ಲಿ ಸುಮ್ಮನೆ ನಿಲ್ಲುತ್ತಿದ್ದೆವು. ಎದುರು ಮನೆಯ ಸುಭದ್ರಮ್ಮ ಕಿಟಕಿ ಮುಚ್ಚಿ, “ಊರಿಗೆಲ್ಲ ಹೊಗೆ ಪರೀಕ್ಷೆ ಮಾಡ್ತಾಳೆ, ಇವಳ ಮನೇದು ಯಾರು ಮಾಡ್ಬೇಕು?” ಎನ್ನುತ್ತಿದ್ದರು.

ಅವರು ಹೇಳಿದ್ದು ಸರಿ. ನನ್ನ ಯಂತ್ರದಲ್ಲಿ ಆ ಬೈಕು ಎಂದೋ ಫೇಲಾಗಿತ್ತು. ಫೇಲ್ ಮಾಡಿದವಳು ನಾನೇ. ದುಶ್ಯಂತ್ ಒಂದು ವಾರ ನನ್ನನ್ನು ‘ಇನ್‌ಸ್ಪೆಕ್ಟರ್ ಮೇಡಂ’ ಎಂದು ಕರೆದಿದ್ದ.

ಆ ಚಳಿಗಾಲ ಅತ್ತೆಗೆ ಕೆಮ್ಮು ಹಿಡಿದದ್ದು ಬಿಡಲಿಲ್ಲ. ಒಂದು ಭಾನುವಾರ ಹೊಗೆಯ ನಡುವೆ ಕೆಮ್ಮಿ ಕೆಮ್ಮಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೆನ್ನು ನೀವಿದೆ.

“ಆ ವರ್ಕ್‌ಶಾಪಿನ ಹುಡುಗ ಅಂತೀಯಲ್ಲ” ಎಂದರು. “ಅವನಿಗೆ ಕೊಡು. ಗಾಡಿ ಉಳೀಲಿ. ಹೊಗೆ ಹೋಗ್ಲಿ.”

“ಸದ್ದೂ ಹೋಗತ್ತೆ ಅತ್ತೆ.”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, “ಹೋಗ್ಲಿ. ಎಷ್ಟು ದಿನ ಅಂತ ತವ ಇಡಕ್ಕೆ ಏಳ್ತೀನಿ” ಎಂದರು.

ಮುಂದಿನ ವಾರ ಬೈಕು ನೋಡಲು ವೀರೇಂದ್ರ ಮನೆಗೆ ಬಂದ. ಸದ್ದಿಲ್ಲದ ಆ ಆಟೋದಲ್ಲಿ. ಗೇಟಿನ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆದ.

ಒಳಗೆ ಅತ್ತೆಯ ಕೈಯಿಂದ ಪಾತ್ರೆ ಬಿತ್ತು.

ನಾನು ಹೊರಗೆ ಓಡಿದೆ. “ನಮ್ಮನೆ ಮುಂದೆ ಹಾರ್ನ್ ಹೊಡೀಬೇಡಿ. ಯಾವತ್ತೂ.”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ಯಾಕೆ ಎಂದು ಕೇಳಲಿಲ್ಲ. ಹಾರ್ನಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ, ತಪ್ಪು ಮಾಡಿದ ಕೈ ಎಂಬಂತೆ.

“ಹೊಡೆಯಲ್ಲ” ಎಂದ.

*

ಬೈಕು ಗೂಡ್ಸ್ ಆಟೋದಲ್ಲಿ ಶಿವಮೊಗ್ಗಕ್ಕೆ ಹೋಯಿತು. ಎಂಜಿನ್ ಇಳಿಸುವ ದಿನ ಅವನು ನನ್ನನ್ನು ಕರೆಸಿಕೊಂಡ.

“ನೀವಿಲ್ದೆ ಬಿಚ್ಚಕ್ಕೆ ಮನಸ್ಸು ಬರ್ಲಿಲ್ಲ” ಎಂದ. “ಒಂದ್ಸಲ ಸ್ಟಾರ್ಟ್ ಮಾಡ್ತೀನಿ. ಆಫ್ ನೀವೇ ಮಾಡಿ.”

ಕಿಕ್ ಹೊಡೆದ. ವರ್ಕ್‌ಶಾಪು ತುಂಬ ಆ ಸದ್ದು. ಕೆಲಸದವರೆಲ್ಲ ಕೈ ನಿಲ್ಲಿಸಿದರು. ಅವನು ಬೆನ್ನು ತಿರುಗಿಸಿ, ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ನೋಡುತ್ತಾ ನಿಂತ. ನನ್ನ ಮುಖ ನೋಡಬಾರದೆಂದು. ಅಷ್ಟು ಸಣ್ಣ ಮರ್ಯಾದೆ. ಅದಕ್ಕೇ ನನಗೆ ಅಳು ಬಂದದ್ದು, ಎಂಜಿನ್ನಿಗಲ್ಲ.

ಕೀ ತಿರುಗಿಸಿದೆ. ಎಲ್ಲ ನಿಂತಿತು.

ಆಮೇಲೆ ಟೀ ತರಿಸಿದ. ಇಬ್ಬರೂ ಹಳೆಯ ಟಯರುಗಳ ಮೇಲೆ ಕೂತೆವು. ಅವನು ಲೋಟದ ಅಂಚನ್ನೇ ನೋಡುತ್ತಿದ್ದ. ಯಾವತ್ತೂ ನೇರ ನೋಡಿ ಕೀಟಲೆ ಮಾಡುವವನು ಅವತ್ತು ಕಣ್ಣು ಎತ್ತಲಿಲ್ಲ.

“ಪ್ರಿಯದರ್ಶಿನಿ” ಎಂದ. ಮೇಡಂ ಎನ್ನದೆ ನನ್ನ ಹೆಸರು ಹಿಡಿದದ್ದು ಅದೇ ಮೊದಲು. “ಎಷ್ಟುದ್ದ ಹೆಸರು ಮಾರಾಯ್ರೆ ನಿಮ್ದು. ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದೆ.”

“ಯಾಕೆ?”

“ಕೇಳೋದಿತ್ತು.” ಲೋಟ ಕೆಳಗಿಟ್ಟ. “ಗಾಡಿ ರೆಡಿ ಆದ್ಮೇಲೆ ಭಾನುವಾರ ತಿಂಡಿ ಹೊತ್ತಿಗೆ ನಾನೇ ಓಡಿಸ್ಕೊಂಡು ಬರ್ತೀನಿ. ಗೇಟ್ ಹತ್ರ ನಿಲ್ತೀನಿ. ನೀವು ಹೊರಗೆ ಬಂದ್ರೆ, ಅದೇ ಗಾಡೀಲಿ ಗಾಜನೂರು ಡ್ಯಾಮ್ ತನಕ ಹೋಗಿ ಬರೋಣ. ಆಮೇಲೆ ನಿಮ್ಮ ಅತ್ತೆ ಹತ್ರ ಮಾತಾಡ್ತೀನಿ. ಮದುವೆ ವಿಷಯ.”

ನನ್ನ ಕೈಯಲ್ಲಿ ಟೀ ತಣ್ಣಗಾಗುತ್ತಿತ್ತು.

“ಬರ್ಲಿಲ್ಲ ಅಂದ್ರೆ?”

“ಬರ್ಲಿಲ್ಲ ಅಂದ್ರೆ ಗೊತ್ತಾಗತ್ತಲ್ಲ. ಮತ್ತೆ ಕೇಳಲ್ಲ. ನಿಮ್ಗೆ ಮುಜುಗರ ಮಾಡಲ್ಲ. ಬೆಲ್ ಮಾಡಲ್ಲ, ಫೋನ್ ಮಾಡಲ್ಲ. ಅತ್ತೆ ಎದುರಿಗೆ ನಿಮ್ಮನ್ನ ಇಕ್ಕಟ್ಟಿಗೆ ಸಿಗ್ಸಲ್ಲ.” ಸ್ವಲ್ಪ ನಕ್ಕ. “ಹಾರ್ನ್ ಅಂತೂ ಹೊಡೆಯಲ್ಲ.”

ನಾನು ಸರಿ ಎಂದೆ. ಆಗಲೇ ಹೌದು ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಗೇಟು ತೆಗೆದು ಹೊರಗೆ ಹೋಗುವ ಆ ಬೆಳಗು ನನಗೆ ಬೇಕಾಗಿತ್ತು. ಎಷ್ಟೋ ಕಾಲದಿಂದ ಯಾವ ಬೆಳಗೂ ಬೇಕಾಗಿರಲಿಲ್ಲ.

*

ಗಾಡಿ ರೆಡಿ ಎಂದು ಒಂದು ಶನಿವಾರ ಅವನಿಂದ ಸುದ್ದಿ ಬಂತು. ಮರುದಿನ, ಆ ಭಾನುವಾರ, ಹಸಿರು ಸೀರೆ ಉಟ್ಟೆ. ಅತ್ತೆ ನೋಡಿದರು. ಏನೂ ಕೇಳದೆ ತಮ್ಮ ಪೆಟ್ಟಿಗೆಯಿಂದ ಒಂದು ಜೊತೆ ಓಲೆ ತಂದು ಟೇಬಲ್ಲಿನ ಮೇಲಿಟ್ಟು ಅಡುಗೆಮನೆಗೆ ಹೋದರು.

ರೇಡಿಯೋ ಆರಿಸಿದೆ. ಫ್ಯಾನು ನಿಲ್ಲಿಸಿದೆ. ಚಟ್ನಿಗೆ ಕಾಯಿ ಹಾಕಿದ್ದ ಅತ್ತೆಗೆ, “ಮಿಕ್ಸಿ ಈಗ ಬೇಡ ಅತ್ತೆ” ಎಂದೆ.

“ದೋಸೆಗೆ ಉಪ್ಪಿನಕಾಯಿ ತಿನ್ನಲಾ?”

“ಸ್ವಲ್ಪ ತಡೀರಿ.”

ಅತ್ತೆ ಮಾತ್ರೆ ತಗೊಳ್ಳಬೇಕಿತ್ತು. ಒಂದು ದೋಸೆ ಹುಯ್ದುಕೊಂಡು ಉಪ್ಪಿನಕಾಯಿಯಲ್ಲೇ ತಿಂದರು. ನಾನು ನಡುಮನೆಯಲ್ಲಿ ಕೂತಿದ್ದೆ, ಮುಂಬಾಗಿಲಿಗೆ ಬೆನ್ನು ಹಾಕಿ. ಹೊರಗೆ ಇಣುಕಿದರೆ ಎದುರಿಗೆ ಸುಭದ್ರಮ್ಮನ ಜಗುಲಿ. ಹಸಿರು ಸೀರೆಯಲ್ಲಿ ನಾನು ಗೇಟು ಕಾಯುವುದನ್ನು ಅವರು ನೋಡಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ನೋಡುವ ಅಗತ್ಯವಾದರೂ ಏನು? ಬಂದರೆ ಗೊತ್ತಾಗುತ್ತದಲ್ಲ.

ಕಿವಿ ನೀರಿನ ಟ್ಯಾಂಕಿನ ತಿರುವಿನಲ್ಲಿತ್ತು.

ಹಾಲಿನವನ ಸ್ಕೂಟರು. ಸಿಲಿಂಡರ್ ಗಾಡಿ. ಯಾರದೋ ಕಾರು, ಬೆಲ್ಟ್ ಸವೆದದ್ದು. ಮತ್ತೊಂದು ಸ್ಕೂಟರು. ಪ್ರತಿ ಸದ್ದಿಗೂ ಎದೆ ಏಳುತ್ತಿತ್ತು, ಕೂರುತ್ತಿತ್ತು. ಮಧ್ಯೆ ಮಧ್ಯೆ ಏನೂ ಇಲ್ಲ. ದಾಸವಾಳದ ಬೇಲಿಯಲ್ಲಿ ಗುಬ್ಬಿಗಳು.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ನನ್ನ ಕಾಲಿನವರೆಗೆ ಬಂದು ಹಿಂದಕ್ಕೆ ಹೋಯಿತು.

“ಮಿಕ್ಸಿ ಹಾಕ್ಲಾ?” ಎಂದು ಅತ್ತೆ ಮೆಲ್ಲಗೆ ಕೇಳಿದರು.

“ಹಾಕಿ” ಎಂದೆ.

ಓಲೆ ಬಿಚ್ಚಿ ಟೇಬಲ್ಲಿನ ಮೇಲಿಟ್ಟೆ.

ಮರುದಿನ ಗೂಡ್ಸ್ ಗಾಡಿಯಲ್ಲಿ ಬೈಕು ಬಂತು. ತಂದವನು ಸಂಜಯ್. ಇಳಿಸಿ, ಕೀ ಕೊಟ್ಟು, ಚಾರ್ಜ್ ಹಾಕುವುದನ್ನು ತೋರಿಸಿದ.

“ಅವರು ಬರ್ಲಿಲ್ವಾ?” ಎಂದೆ.

“ವೀರೇಂದ್ರಣ್ಣಂಗೆ ಕೆಲಸ ಜಾಸ್ತಿ ಅಕ್ಕ. ಮುಟ್ಟಿಸಿ ಬಾ ಅಂದ್ರು.” ಸ್ವಲ್ಪ ತಡೆದು, “ಅಣ್ಣ ಯಾಕೋ ನಿನ್ನೆಯಿಂದ ಸಪ್ಪಗಿದ್ದಾರೆ” ಎಂದ.

ಸಪ್ಪಗಿರದೆ ಇನ್ನೇನು. ಮಾತು ಕೊಟ್ಟು ಹಿಂದೆ ಸರಿದವರು ಹಾಗೇ ಇರುತ್ತಾರೆ ಎಂದುಕೊಂಡೆ. ಅವರ ಮನೆಯಲ್ಲಿ ಬೇಡ ಎಂದಿರಬಹುದು. ವಿಧವೆ ಎಂದರೆ ಯಾರ ಮನೆಯಲ್ಲಾದರೂ ಒಂದು ಮಾತು ಬರುತ್ತದೆ. ಫೋನು ಕೈಗೆತ್ತಿಕೊಂಡೆ. ‘ಯಾಕೆ ಬರಲಿಲ್ಲ’ ಎಂದು ಬರೆದೆ. ಓದಿ ನೋಡಿದರೆ ಅದು ಬೇಡುವ ಹಾಗೆ ಕಂಡಿತು. ಅಳಿಸಿದೆ. ಬೈಕಿಗೆ ಕವರು ಹೊದಿಸಿದೆ.

ಮಲವಗೊಪ್ಪದ ಟೀ ಅಂಗಡಿಗೆ ಅವನು ಮತ್ತೆ ಬರಲಿಲ್ಲ. ಆ ರಸ್ತೆಯಲ್ಲಿ ಸದ್ದಿಲ್ಲದ ಆಟೋಗಳು ಹೆಚ್ಚುತ್ತಾ ಹೋದವು. ಒಂದೊಂದು ಹಾದುಹೋದಾಗಲೂ ತಡವಾಗಿ ತಲೆ ಎತ್ತುತ್ತಿದ್ದೆ. ಅಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು.

*

ಯುಗಾದಿ ಕಳೆದ ಮೇಲೆ ಒಂದು ದಿನ ಸಂಜಯ್ ಟೀ ಕುಡಿಯಲು ನಿಂತ.

“ಅಕ್ಕ, ವೀರೇಂದ್ರಣ್ಣನ ಎಂಗೇಜ್‌ಮೆಂಟ್ ಆಯ್ತು. ಗಾಜನೂರು ಕಡೆ ಹುಡುಗಿ, ದೀಪಶ್ರೀ ಅಂತ. ನಿಮ್ಗೆ ಹೇಳಿರ್ತಾರಲ್ಲ?”

“ಹ್ಞೂಂ” ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. “ಆ ಗಾಡೀನಾದ್ರೂ ಓಡಿಸು ಮಾರಾಯ್ತಿ. ಬಸ್ಸಲ್ಲಿ ಎಷ್ಟು ದಿನ ನಿಂತ್ಕೊಂಡು ಹೋಗ್ತೀಯ. ಹೆಣಕ್ಕೆ ಹೊದ್ಸಿದ ಹಾಗೆ ಹೊದ್ಸಿಡಬೇಡ.”

ಬೆಳಿಗ್ಗೆ ಕವರು ತೆಗೆದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ದುಶ್ಯಂತ್ ಗೀರಿದ್ದ ಗೀರು ಹಾಗೆಯೇ ಇತ್ತು. ಅದರ ಮೇಲೆ ಬಣ್ಣ ಬಳಿಯದೆ ಬಿಟ್ಟಿದ್ದ ವೀರೇಂದ್ರ. ಆ್ಯಕ್ಸಿಲರೇಟರ್ ತಿರುಗಿಸಿದೆ. ಏನೂ ಕೇಳಿಸಲಿಲ್ಲ. ಗಾಡಿ ಮಾತ್ರ ಹೊರಟಿತು, ನೀರಿನ ಮೇಲೆ ಎಲೆ ಹೊರಟ ಹಾಗೆ.

ಸುಭದ್ರಮ್ಮ ರಸ್ತೆಯಲ್ಲಿ ರಂಗೋಲಿ ಹಾಕುತ್ತಿದ್ದರು. ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದವರು ಹಿಂದಿನ ದಿನವಷ್ಟೇ ಬಂದಿದ್ದರು. ನಾನು ಪಕ್ಕಕ್ಕೆ ಬಂದು ನಿಂತಾಗ ಬೆಚ್ಚಿ ರಂಗೋಲಿ ಡಬ್ಬ ಬೀಳಿಸಿದರು.

“ಅಯ್ಯೋ ನಿನ್ನ! ಮತ್ತೆ ಇದೇ ಗಾಡೀನಾ? ಅವತ್ತೂ ಹಿಂಗೇ ಜೀವ ಹಾರಿಸ್ತು.”

“ಯಾವತ್ತು?”

“ನಾನು ಹಾಸನಕ್ಕೆ ಹೊರಟ ಭಾನುವಾರ ಕಣೆ. ಬ್ಯಾಗ್ ಹಿಡ್ಕೊಂಡು ಹೊರಗೆ ಬಂದ್ರೆ ನಿಮ್ಮ ಗೇಟ್ ಹತ್ರ ದುಶ್ಯಂತನ ಬೈಕು. ಮೇಲೊಬ್ಬ ಕೂತಿದ್ದಾನೆ. ಬಂದ ಸದ್ದೇ ಇಲ್ಲ. ದೇವರಾಣೆ, ದುಶ್ಯಂತನೇ ಬಂದ ಅನ್ಕೊಂಡೆ.” ಎದೆ ಮುಟ್ಟಿಕೊಂಡರು. “ಹತ್ರ ಹೋಗಿ ನೋಡಿದ್ರೆ, ಬೈಕ್ ನೋಡಕ್ಕೆ ಆಟೋದಲ್ಲಿ ಬಂದಿದ್ನಲ್ಲ, ಆ ಹುಡುಗ. ಒಳ್ಳೆ ಅಂಗಿ ಹಾಕಿದ್ದ. ಹೆದರಿಕೆಗೆ ದನಿಯೇ ಹೊರಡ್ಲಿಲ್ಲ, ಯಾರು ಬೇಕಪ್ಪ ಅಂತ ಪಿಸುಗುಟ್ಟಿದೆ. ಅವನೂ ಮೆಲ್ಲಗೆ, ಕಾಯ್ತಾ ಇದ್ದೀನಿ ಅಮ್ಮ ಅಂದ. ಕೂಗ್ಲಾ ಅಂದೆ. ಬೇಡ, ಬರೋದಾದ್ರೆ ಅವರೇ ಬರ್ತಾರೆ ಅಂದ. ನಂಗೆ ಬಸ್ ಹೊತ್ತಾಗಿತ್ತು, ಹೋದೆ. ಯಾಕೆ, ನೀನು ಹೊರಗೆ ಬರ್ಲಿಲ್ವಾ?”

ರಂಗೋಲಿಯ ಪುಡಿ ರಸ್ತೆಯಲ್ಲಿ ಚೆಲ್ಲಿತ್ತು. ಅದನ್ನೇ ನೋಡುತ್ತಿದ್ದೆ.

ಎಂಜಿನ್ ಆರಿಸಿದ್ದು ನನ್ನ ಕೈ. ಈ ಗಾಡಿಗೆ ಇನ್ನು ಸದ್ದಿಲ್ಲ ಎಂದು ತಲೆಗೆ ಗೊತ್ತಿತ್ತು. ಕಿವಿಗೆ ಯಾರೂ ಹೇಳಿರಲಿಲ್ಲ. ಅದು ಅವತ್ತು ಇಡೀ ಬೆಳಿಗ್ಗೆ ಪಟಪಟ ಸದ್ದನ್ನೇ ಕಾಯುತ್ತಿತ್ತು.

*

ಅಂಗಡಿ ತೆರೆಯಲಿಲ್ಲ. ನೇರ ಶಿವಮೊಗ್ಗಕ್ಕೆ ಹೋದೆ.

ವೀರೇಂದ್ರ ಒಂದು ಆಟೋದ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ನಾನು ಬಂದದ್ದು ಅವನಿಗೂ ಕೇಳಿಸಲಿಲ್ಲ. ಬಹಳ ಹೊತ್ತು ನಿಂತೆ. ಹೊರಗೆ ಜಾರಿ ಬಂದವನು ನನ್ನ ಚಪ್ಪಲಿ ನೋಡಿದ, ಆಮೇಲೆ ಬೈಕು, ಆಮೇಲೆ ಮುಖ.

“ಗಾಡಿ ಏನಾದ್ರೂ ತೊಂದ್ರೆ ಕೊಡ್ತಾ ಮೇಡಂ?”

ಮತ್ತೆ ಮೇಡಂ ಆಗಿದ್ದೆ.

“ಆ ಭಾನುವಾರ ನೀವು ಬಂದಿದ್ರಾ?”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ. ಇನ್ನೊಮ್ಮೆ ಮಡಚಿದ. “ಬರ್ತೀನಿ ಅಂದಿದ್ನಲ್ಲ.”

“ನಂಗೆ ಕೇಳಿಸ್ಲಿಲ್ಲ.”

“ಏನು?”

“ನೀವು ಬಂದಿದ್ದು. ಒಳಗೇ ಕೂತಿದ್ದೆ. ಸೀರೆ ಉಟ್ಕೊಂಡು. ಗಾಡಿ ಸದ್ದು ಬರತ್ತೆ, ಆಮೇಲೆ ಏಳೋಣ ಅಂತ.”

ಅವನು ನಗಲು ಹೋದ. ನಗು ಅರ್ಧದಲ್ಲಿ ನಿಂತಿತು. ಟಯರಿನ ಮೇಲೆ ಕೂತುಕೊಂಡ.

“ನಾನು ಬಿಚ್ಚಿದ್ದಲ್ವಾ ಆ ಎಂಜಿನ್ನು” ಎಂದ. “ನಿಮ್ಮೆದುರಿಗೇ.”

“ಹೌದು.”

“ನಿಮ್ಮನೆ ಒಳಗೆ ದೋಸೆ ಹುಯ್ದ ಸದ್ದು ಹೊರಗೆ ಕೇಳ್ತಿತ್ತು. ಅಷ್ಟು ನಿಶ್ಶಬ್ದ. ಇವರಿಗೆ ಇದು ಮಾಮೂಲಿ ಭಾನುವಾರ, ತಿಂಡಿ ಮಾಡ್ತಾ ಇದ್ದಾರೆ ಅನ್ಕೊಂಡೆ.”

“ನಿಶ್ಶಬ್ದ ಮಾಡಿದ್ದೇ ನಾನು. ರೇಡಿಯೋ, ಫ್ಯಾನು, ಮಿಕ್ಸಿ ಎಲ್ಲ ನಿಲ್ಸಿದ್ದೆ. ನೀವು ಬಂದಿದ್ದು ಕೇಳ್ಲಿ ಅಂತ.”

ಯಾರೋ ಒಳಗೆ ಸುತ್ತಿಗೆ ಹೊಡೆಯುತ್ತಿದ್ದರು. ಅದೂ ನಿಂತಿತು.

“ಹಾರ್ನ್ ಮೇಲೆ ಬೆರಳು ಇಟ್ಟಿದ್ದೆ” ಎಂದ, ತಡವಾಗಿ. “ಎಷ್ಟು ಸಲ ಇಟ್ಟೆ ಅಂತ.”

“ಹೊಡೀಬೇಕಿತ್ತು.”

“ನೀವು ಯಾವತ್ತೂ ಬೇಡ ಅಂದಿದ್ರಿ.”

ಹೌದು. ನನ್ನ ಮಾತನ್ನು ಉಳಿಸಿಕೊಂಡಿದ್ದ. ಅಷ್ಟು ಉಳಿಸಿಕೊಳ್ಳದಿದ್ದರೆ ಆಗುತ್ತಿತ್ತು.

ಅವನ ಫೋನು ಬೆಂಚಿನ ಮೇಲೆ ನಡುಗಿತು. ಪರದೆಯ ಮೇಲೆ ದೀಪಶ್ರೀ ಎಂದಿತ್ತು. ಅವನು ಎತ್ತಲಿಲ್ಲ. ಅದರ ನಡುಕ ನಿಂತ ಮೇಲೆ ಮುಖ ಎತ್ತಿದ.

“ಪ್ರಿಯದರ್ಶಿನಿ, ಇನ್ನೂ—”

“ಬೇಡ” ಎಂದೆ. “ಹೆಂಗಿದ್ದಾಳೆ ಹುಡುಗಿ?”

“ಒಳ್ಳೆಯವಳು.” ನೆಲ ನೋಡಿದ. “ಬಾಯಿ ಜಾಸ್ತಿ. ನಾನು ಬಂದು ನಿಂತ್ರೆ ಒಂದು ಬೀದಿ ಆಚೆಯಿಂದ್ಲೇ ಕೂಗಿ ಕರೀತಾಳೆ.”

“ಒಳ್ಳೇದಾಯ್ತು” ಎಂದೆ. ನಿಜವಾಗಿಯೇ ಅಂದೆ. ಆ ಹುಡುಗಿ ಯಾವ ಬೆಳಗಿಗಾಗಿಯೋ ಸೀರೆ ಆರಿಸಿಟ್ಟಿರುತ್ತಾಳೆ. ಬಾಗಿಲ ಒಳಗೆ ಕಾದು ಕೂರುವುದು ಎಂಥದೆಂದು ನನಗೆ ಗೊತ್ತು.

ಹೊರಡಬೇಕಿತ್ತು. ಹೊರಡಲಾಗಲಿಲ್ಲ.

“ಒಂದು ಮಾಡ್ತೀರಾ?” ಎಂದೆ. “ನಾನು ಒಳಗೆ ಹೋಗ್ತೀನಿ. ನೀವು ಹಾರ್ನ್ ಹೊಡೀರಿ. ಒಂದೇ ಸಲ.”

ಅವನು ನನ್ನನ್ನೇ ನೋಡಿದ. ಮೊದಲ ದಿನ ಆಟೋ ಹತ್ತುವಾಗ ತಿರುಗಿ ನೋಡಿದ್ದನಲ್ಲ, ಹಾಗೆ. ಈ ಸಲ ನಗು ಇರಲಿಲ್ಲ. ಬೈಕಿನ ಮೇಲೆ ಹೋಗಿ ಕೂತ.

ನಾನು ವರ್ಕ್‌ಶಾಪಿನ ಒಳಗೆ, ಅರ್ಧ ಇಳಿಸಿದ ಶಟರಿನ ಹಿಂದೆ ನಿಂತೆ. ಕತ್ತಲಲ್ಲಿ ಗ್ರೀಸಿನ ವಾಸನೆ. ಗೋಡೆಯ ಬುಡದಲ್ಲಿ ಗೋಣಿ ಹೊದಿಸಿದ ಒಂದು ಎಂಜಿನ್ನು, ನಾನು ಗುರುತು ಹಿಡಿಯಬಲ್ಲದ್ದು. ಮಾರದೆ ಇಟ್ಟುಕೊಂಡಿದ್ದ. ಸೆರಗು ಸರಿಮಾಡಿಕೊಂಡೆ. ಹೊರಗೆ ಏನೂ ಸದ್ದಿರಲಿಲ್ಲ. ಈ ಸಲವೂ ಹೊಡೆಯುವುದಿಲ್ಲವೇನೋ ಎಂದು ಹೆದರಿಕೆಯಾಯಿತು.

ಹಾರ್ನ್ ಆಯಿತು. ಒಂದೇ ಸಲ, ಉದ್ದವಾಗಿ.

ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದೆ. ಬಿಸಿಲಿಗೆ ಕಣ್ಣು ಕಿರಿದಾಯಿತು.

“ಬಂದೆ” ಎಂದೆ. “ತುಂಬಾ ಹೊತ್ತಾಯ್ತಾ?”

“ಇಲ್ಲ” ಎಂದ. “ಈಗಷ್ಟೇ ಬಂದೆ.”

ಅವನು ನನಗೆ ಹೇಳಿದ ಸುಳ್ಳು ಅದೊಂದೇ.

ಇಳಿದು ಹ್ಯಾಂಡಲ್ ಹಿಡಿದುಕೊಂಡ, ನಾನು ಕೂರುವವರೆಗೆ. ನಮ್ಮ ಕೈಗಳು ಹ್ಯಾಂಡಲಿನ ಮೇಲೆ ಒಂದು ಗೇಣು ದೂರದಲ್ಲಿದ್ದವು. ಅವನದು ಮೊದಲು ಬಿಟ್ಟಿತು.

ನಾನು ಹೊರಟೆ. ಕನ್ನಡಿಯಲ್ಲಿ ಅವನು ತಲೆ ಬಗ್ಗಿಸಿ ನಿಂತಿದ್ದ. ನಾನು ಹೋದದ್ದು ಅವನಿಗೆ ಕೇಳಿಸಿರಲಾರದು.

ಮಲವಗೊಪ್ಪ ದಾಟಿದೆ. ಮುಚ್ಚಿದ ನನ್ನ ಗೂಡು, ಹಸಿರು ಬೋರ್ಡು. ಮುಂದೆ ಹೊಗೆ ಉಗುಳುತ್ತಾ ಒಂದು ಲಾರಿ, ಹಿಂದೆ ಸದ್ದಿಲ್ಲದ ಎರಡು ಆಟೋ. ನೀರಿನ ಟ್ಯಾಂಕಿನ ತಿರುವಿಗೆ ಬಂದೆ. ಅಲ್ಲಿ ಏನೂ ಕೇಳಿಸಲಿಲ್ಲ. ಇನ್ನು ಯಾವತ್ತೂ ಕೇಳಿಸುವುದಿಲ್ಲ.

ಗೇಟಿನ ಮುಂದೆ ನಿಲ್ಲಿಸಿದೆ. ಬೆರಳು ಹಾರ್ನಿನ ಮೇಲಿಟ್ಟೆ. ತೆಗೆದೆ. ಮತ್ತೆ ಇಟ್ಟೆ. ಎರಡು ಸಲ ಒತ್ತಿದೆ.

ಒಳಗೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಡುಗೆಮನೆಯ ಕಿಟಕಿಯಿಂದ ಬಂತು, ಒಲೆಗೆ ತವ ಇಟ್ಟ ಸದ್ದು, ಸ್ವಲ್ಪ ಹೊತ್ತಿಗೆ ಕಾದ ತವದ ಮೇಲೆ ನೀರು ಚಿಮುಕಿಸಿದ ಸದ್ದು.